ಅಂಗಳದ ವಾಟ

ಮಧುಗಿರಿಯಲ್ಲಿ ನನ್ನ ಪರಿಚಿತರೊಬ್ಬರು ಮನೆ ಕಟ್ಟಿಸಿದರು. ಕೊರಟಗೆರೆಯ ಕಡೆಯ ಒಂದು ಹಳ್ಳಿಯಲ್ಲಿ ಹುಟ್ಟಿ, ಊರೂರು ತಿರುಗಿ ನೌಕರಿ ಮಾಡಿ, ನಿವೃತ್ತಿಯ ಹಣವನ್ನೆಲ್ಲ ಅದರಲ್ಲಿ ತೊಡಗಿಸಿದ ಗೃಹಸ್ಥರು. ಗುತ್ತಿಗೆ ಹಿಡಿದವರು ಶಿರಾದವರು. ಗಾರೆ ಕೆಲಸದವರು ಪಾವಗಡದ ಕಡೆಯಿಂದ ಬಂದವರು. ಮನೆ ಚೆನ್ನಾಗಿಯೇ ಎದ್ದಿತು. ಗೃಹಪ್ರವೇಶವೂ ಆಯಿತು. ಕೊನೆಯ ಕಂತಿನ 40,000 ರೂಪಾಯಿ ಮಾತ್ರ ಬಾಕಿ ಉಳಿದಿತ್ತು. ಅಷ್ಟರಲ್ಲಿ ಸೆಪ್ಟೆಂಬರಿನ ಒಂದು ಸಂಜೆ ಗುಡುಗು ಸಹಿತ ಮಳೆ ಬಂದಿತು. ಅರ್ಧ ಗಂಟೆಯೊಳಗಾಗಿ ಮನೆಯ ಮುಂದಿನ ಕಾಂಕ್ರೀಟ್ ಅಂಗಳ, ಎಂದರೆ ಗೇಟಿನಿಂದ ಕಾರನ್ನು ಒಳಕ್ಕೆ ತರುವ ಹಾದಿ, ಕೆರೆಯಂತೆ ತುಂಬಿ ನೀರು ಗೋಡೆಯ ಬುಡಕ್ಕೆ ಬಂದು ನಿಂತಿತು. ಮಳೆ ನಿಂತ ಮೇಲೂ ಅದು ಕದಲಲಿಲ್ಲ. ಮನೆಯ ಹೆಂಗಸರು ಮಕ್ಕಳೆಲ್ಲ ಸೇರಿ ರಾತ್ರಿ ಹತ್ತು ಗಂಟೆಯವರೆಗೆ ಬಕೆಟುಗಳಲ್ಲಿ ಮೊಗೆದು ಬೀದಿಗೆ ಚೆಲ್ಲಿದರು.

ಮಾರನೆಯ ದಿನವೇ ಜಗಳ ಮೊದಲಾಯಿತು. “ವಾಟ ಕೊಟ್ಟಿಲ್ಲ, ಬಾಕಿ ಹಣ ಕೊಡುವುದಿಲ್ಲ” ಎಂದು ಮನೆಯವರು. “ನೂರಕ್ಕೆ ಒಂದರಂತೆ ವಾಟ ಕೊಟ್ಟಿದ್ದೇನೆ ಸ್ವಾಮಿ, ಆಳುಗಳ ಕೂಲಿಯನ್ನು ನನ್ನ ಕೈಯಿಂದ ಹಾಕಿದ್ದೇನೆ” ಎಂದು ಗುತ್ತಿಗೆದಾರರು. ನೀರು ತಾನಾಗಿ ಹರಿದುಹೋಗುವಂತೆ ನೆಲಕ್ಕೆ ಕೊಡುವ ಇಳಿಜಾರಿಗೆ ನಮ್ಮ ಗಾರೆಯವರು ವಾಟವೆನ್ನುತ್ತಾರೆ. ಎರಡು ತಿಂಗಳು ಮಾತು ಬೆಳೆಯಿತು. ಮಧ್ಯಸ್ಥರು ಬಂದು ಹೋದರು. ಒಂದೇ ಪಂಕ್ತಿಯಲ್ಲಿ ಕುಳಿತು ಗೃಹಪ್ರವೇಶದ ಊಟ ಮಾಡಿದವರು ಎದುರಾದರೆ ಮುಖ ತಿರುಗಿಸುವ ಹಾಗಾಯಿತು. ಕಡೆಗೆ, ಕಾಲೇಜಿನಲ್ಲಿ ಭೌತಶಾಸ್ತ್ರ ಹೇಳುವವನೆಂಬ ಒಂದೇ ಕಾರಣಕ್ಕೆ, ನನಗೂ ಕರೆ ಬಂದಿತು. ಮನೆ ಕಟ್ಟುವ ವಿದ್ಯೆ ನನಗೆ ತಿಳಿಯದು. ಆದರೆ ನೀರಿನ ವಿಷಯದಲ್ಲಿ ನ್ಯಾಯ ಹೇಳಬೇಕಾದರೆ ನೀರನ್ನೇ ಕೇಳಬಹುದೆಂಬಷ್ಟು ಮಾತ್ರ ತಿಳಿದಿತ್ತು.

ನಾನು ಹೋದಾಗ ಇಬ್ಬರೂ ತಮ್ಮ ತಮ್ಮ ಸಾಕ್ಷ್ಯವನ್ನು ಸಿದ್ಧಪಡಿಸಿಕೊಂಡಿದ್ದರು. ಗುತ್ತಿಗೆದಾರರು ಒಂದು ಕೊಡ ನೀರನ್ನು ಅಂಗಳದ ನಡುವೆ ಸುರಿದರು. ಅದು ಸರಸರನೆ ಗೇಟಿನ ಕಡೆಗೆ ಹರಿಯಿತು. “ನೋಡಿ ಮೇಷ್ಟ್ರೇ” ಎಂದರು. ಮನೆಯವರು ಇನ್ನೊಂದು ಕೊಡವನ್ನು ಗೋಡೆಗೆ ಒಂದು ಮಾರು ದೂರದಲ್ಲಿ ಸುರಿದರು. ಅದು ಅಷ್ಟೇ ಸರಸರನೆ ಗೋಡೆಯ ಕಡೆಗೆ ಹರಿಯಿತು. “ಈಗ ನೋಡಿ” ಎಂದರು. ಇಬ್ಬರೂ ಸುಳ್ಳು ಹೇಳುತ್ತಿರಲಿಲ್ಲ. ಒಂದೇ ಅಂಗಳ ಎರಡು ಕಡೆಗೆ ಇಳಿಯುತ್ತಿತ್ತು. ಅದನ್ನು ಇಡಿಯಾಗಿ ಯಾರೂ ನೋಡಿರಲಿಲ್ಲ.

ಕಣ್ಣಿನಿಂದ ನೋಡಿದರೆ ಸಾಲದೆ ಎಂದು ವಾಚಕರು ಕೇಳಬಹುದು. ಸಾಲದು. 9 ಮೀಟರ್ ಉದ್ದದ ಅಂಗಳದಲ್ಲಿ 9 ಸೆಂಟಿಮೀಟರ್ ಇಳಿತವೆಂದರೆ ಸುಮಾರು ಅರ್ಧ ಡಿಗ್ರಿಗಿಂತ ಸ್ವಲ್ಪ ಹೆಚ್ಚಿನ ಕೋನ. ಇಷ್ಟು ಸಣ್ಣ ಓರೆಯನ್ನು ಅಳೆಯಲು ಕಣ್ಣಿಗೆ ಸ್ವಂತ ಸಾಧನವಿಲ್ಲ. ಸುತ್ತಲಿನ ಗೋಡೆ, ಕಾಂಪೌಂಡು, ದೂರದ ದಿಗಂತ ಇವುಗಳಲ್ಲಿ ಯಾವುದನ್ನಾದರೂ ಸಮತಲವೆಂದು ನಂಬಿ ಅದರೊಡನೆ ಹೋಲಿಸುತ್ತದೆ. ಮಧುಗಿರಿಯಲ್ಲಿ ಆ ನಂಬಿಕೆಯೇ ಮೋಸ. ಊರಿನ ಮೇಲೆ ಒಂದೇ ಬಂಡೆಯಾಗಿ ಎದ್ದು ನಿಂತಿರುವ ದುರ್ಗದ ಬೆಟ್ಟ ಕಣ್ಣಿನ ತುಂಬ ಕಾಣುವಾಗ, ಅದರ ಬುಡದ ಬೀದಿಗಳಲ್ಲಿ ನಿಜವಾದ ದಿಗಂತವೆಲ್ಲಿ ಕಂಡೀತು? ಲೇಹ್ ಪಟ್ಟಣದ ಹತ್ತಿರ ಅಯಸ್ಕಾಂತ ಬೆಟ್ಟವೆಂದು ಹೆಸರಾದ ಒಂದು ರಸ್ತೆಯಿದೆ. ಅಲ್ಲಿ ನಿಲ್ಲಿಸಿದ ಕಾರು ತಾನಾಗಿ ಏರು ಹತ್ತುತ್ತದೆಂದು ಜನ ಬೆರಗಾಗುತ್ತಾರೆ. ಅಯಸ್ಕಾಂತವೂ ಇಲ್ಲ, ಏರೂ ಇಲ್ಲ. ಸುತ್ತಲಿನ ಬೆಟ್ಟಗಳ ಓರೆಯಿಂದಾಗಿ ಇಳಿಜಾರೇ ಏರಿನಂತೆ ತೋರುತ್ತದೆ, ಅಷ್ಟೆ.

ಇನ್ನು ಗಾರೆಯವರ ರಸಮಟ್ಟ. ಬಾಗಿದ ಗಾಜಿನ ಕೊಳವೆಯಲ್ಲಿ ದ್ರವ, ಅದರಲ್ಲೊಂದು ಗಾಳಿಗುಳ್ಳೆ. ಗುಳ್ಳೆ ನಡುವಿಗೆ ಬಂದರೆ ಅದನ್ನು ಇಟ್ಟ ಜಾಗ ಮಟ್ಟವಾಗಿದೆ. ಒಳ್ಳೆಯ ಉಪಕರಣವೇ. ಆದರೆ ಅದರ ಉದ್ದ 30 ಸೆಂಟಿಮೀಟರ್ ಇದ್ದರೆ, ನೂರಕ್ಕೆ ಒಂದರ ಇಳಿತದಲ್ಲಿ ಅದರ ಎರಡು ತುದಿಗಳ ನಡುವಣ ವ್ಯತ್ಯಾಸ 3 ಮಿಲಿಮೀಟರ್ ಮಾತ್ರ. ಕರಣೆಯಿಂದ ತಿಕ್ಕಿದ ಕಾಂಕ್ರೀಟಿನ ಮೇಲ್ಮೈಯಲ್ಲಿ ಅಷ್ಟು ಉಬ್ಬು ತಗ್ಗು ಎಲ್ಲಿಯೂ ಇರುತ್ತದೆ. ರಸಮಟ್ಟವು ತಾನು ಕುಳಿತ ಗೇಣು ಜಾಗದ ಸುದ್ದಿಯನ್ನು ಸರಿಯಾಗಿ ಹೇಳುತ್ತದೆ. ಇಡೀ ಅಂಗಳದ ಸುದ್ದಿಯನ್ನು ಹೇಳಲಾರದು.

ಇದಕ್ಕೆ ತಕ್ಕ ಸಾಧನವು ಹಾರ್ಡ್‌ವೇರ್ ಅಂಗಡಿಯಲ್ಲಿ ಮೀಟರಿನ ಲೆಕ್ಕದಲ್ಲಿ ಸಿಗುವ ಪಾರದರ್ಶಕ ಪ್ಲಾಸ್ಟಿಕ್ ಕೊಳವೆ. ಗಾರೆಯವರಿಗೆ ಇದು ಹೊಸದಲ್ಲ. ಅಸ್ತಿವಾರದ ಮಟ್ಟವನ್ನು ಮೂಲೆಯಿಂದ ಮೂಲೆಗೆ ಒಯ್ಯಲು ಅವರು ದಿನವೂ ಇದನ್ನೇ ಬಳಸುತ್ತಾರೆ. ಅಂಗಳದ ಕೆಲಸಕ್ಕೆ ಮಾತ್ರ ಅದನ್ನು ಬಿಚ್ಚುವ ವ್ಯವಧಾನ ಇರುವುದಿಲ್ಲ. ಕೊಳವೆಯಲ್ಲಿ ನೀರು ತುಂಬಿ ಎರಡು ತುದಿಗಳನ್ನೂ ಎತ್ತಿ ಹಿಡಿದರೆ, ನಡುವಿನ ಭಾಗ ಹೇಗೆ ಸುತ್ತಿ ಬಿದ್ದಿದ್ದರೂ, ಎರಡು ತುದಿಗಳ ನೀರೂ ಒಂದೇ ಮಟ್ಟದಲ್ಲಿ ನಿಲ್ಲುತ್ತದೆ. ದ್ರವದಲ್ಲಿ ಒತ್ತಡವು ಆಳವನ್ನು ಮಾತ್ರ ಅನುಸರಿಸುವುದೇ ಇದಕ್ಕೆ ಕಾರಣ. ಒಂದು ತುದಿಯ ನೀರು ಮೇಲಿದ್ದರೆ ತಳದಲ್ಲಿ ಆ ಕಡೆಯ ಒತ್ತಡ ಹೆಚ್ಚಾಗಿ, ಎರಡೂ ಸಮವಾಗುವವರೆಗೆ ನೀರು ಆಚೆಗೆ ಸರಿಯುತ್ತದೆ. ಇದನ್ನು ನಾವು ಪಾಠದಲ್ಲಿ ಒಂದು ಚಿತ್ರ ಬರೆದು ಐದು ನಿಮಿಷದಲ್ಲಿ ಮುಗಿಸಿಬಿಡುತ್ತೇವೆ. ಅದರ ಮೇಲೆ 40,000 ರೂಪಾಯಿಯ ಜಗಳ ನಿಂತೀತೆಂದು ವಿದ್ಯಾರ್ಥಿಗಳಿಗೆ ಹೇಳಿದರೆ ಬಹುಶಃ ಹೆಚ್ಚು ಗಮನವಿಟ್ಟು ಕೇಳಿಯಾರು.

ಆದರೆ ಈ ಸರಳ ಸಾಧನಕ್ಕೂ ಕೆಲವು ಎಚ್ಚರಿಕೆಗಳು ಬೇಕು. ಕೊಳವೆಯ ನಿಂತ ಭಾಗದಲ್ಲಿ 2 ಸೆಂಟಿಮೀಟರ್ ಉದ್ದದ ಗಾಳಿಗುಳ್ಳೆ ಸಿಕ್ಕಿಕೊಂಡಿದ್ದರೆ, ಅಷ್ಟು ನೀರಿನ ತೂಕ ಆ ಕಡೆ ಕಡಿಮೆಯಾಗಿ, ಅಲ್ಲಿನ ಮಟ್ಟ 2 ಸೆಂಟಿಮೀಟರ್ ಮೇಲೆ ನಿಲ್ಲುತ್ತದೆ; ಅಳತೆ ಅಲ್ಲಿಗೆ ಕೆಟ್ಟಿತು. ಒಂದು ತುದಿ ಬಿಸಿಲಿನಲ್ಲಿಯೂ ಇನ್ನೊಂದು ನೆರಳಿನಲ್ಲಿಯೂ ಇರಬಾರದು. 25 ಡಿಗ್ರಿಯ ನೀರು 35 ಡಿಗ್ರಿಗೆ ಕಾದರೆ ಅದರ ಸಾಂದ್ರತೆ ಸಾವಿರಕ್ಕೆ 3 ಭಾಗದಷ್ಟು ಇಳಿಯುತ್ತದೆ. ಒಂದು ಮೀಟರ್ ಎತ್ತರದ ನೀರುಕಂಬದಲ್ಲಿ ಇದು 3 ಮಿಲಿಮೀಟರಿನ ತಪ್ಪು. ಆದಕಾರಣ ನಾವು ಬೆಳಗ್ಗೆ ಏಳು ಗಂಟೆಗೇ ಕೆಲಸಕ್ಕೆ ತೊಡಗಿದೆವು.

ಗೋಡೆಯ ಮೇಲೆ ಪೆನ್ಸಿಲಿನಿಂದ ಒಂದು ಗೆರೆ ಎಳೆದು ಕೊಳವೆಯ ಒಂದು ತುದಿಯ ನೀರನ್ನು ಸದಾ ಆ ಗೆರೆಗೇ ಹೊಂದಿಸಿಕೊಂಡೆವು. ಇನ್ನೊಂದು ತುದಿಯನ್ನು ಮೀಟರಿಗೊಂದರಂತೆ ಮುಂದಕ್ಕೆ ಒಯ್ದು, ಅಲ್ಲಲ್ಲಿ ನೆಲದಿಂದ ನೀರಿನ ಮಟ್ಟದವರೆಗಿನ ಎತ್ತರವನ್ನು ಅಳೆದೆವು. ನೆಲ ತಗ್ಗಿದ್ದಷ್ಟೂ ಅಂಕೆ ದೊಡ್ಡದಾಗುತ್ತದೆ. ಸ್ಕೇಲು ಹಿಡಿದವರು ಗುತ್ತಿಗೆದಾರರು, ಅಂಕೆ ಬರೆದುಕೊಂಡವರು ಮನೆಯವರು. ಇದನ್ನು ನಾನು ಬೇಕೆಂದೇ ಏರ್ಪಡಿಸಿದೆ. ಗೋಡೆಯ ಬುಡದಲ್ಲಿ 100 ಸೆಂಟಿಮೀಟರ್ ಬಂದಿತು. ಎರಡು ಮೀಟರ್ ಮುಂದೆ 98. ಅಲ್ಲಿಂದಾಚೆಗೆ ಕ್ರಮವಾಗಿ ಏರುತ್ತ ಹೋಗಿ ಗೇಟಿನ ಬಳಿ 104. ಅಂದರೆ ಕೊನೆಯ 7 ಮೀಟರಿನಲ್ಲಿ 6 ಸೆಂಟಿಮೀಟರ್ ಇಳಿತವುಂಟು. ಗುತ್ತಿಗೆದಾರರು ಹೇಳಿದ ನೂರಕ್ಕೆ ಒಂದಕ್ಕಿಂತ ಸ್ವಲ್ಪ ಕಡಿಮೆ, ಆದರೆ ಇಲ್ಲವೆನ್ನುವಂತಿಲ್ಲ. ಗೋಡೆಯ ಪಕ್ಕದ ಎರಡು ಮೀಟರಿನ ಪಟ್ಟಿ ಮಾತ್ರ ಮನೆಯ ಕಡೆಗೇ 2 ಸೆಂಟಿಮೀಟರ್ ಕುಸಿದಿತ್ತು.

ಕುಸಿತದ ಕಾರಣ ಗಾರೆಯವರಿಗೇ ಗೊತ್ತಿತ್ತು. ಅಸ್ತಿವಾರಕ್ಕಾಗಿ ಅಗೆದ ಕಾಲುವೆಯನ್ನು ಮತ್ತೆ ತುಂಬುವಾಗ ಮಣ್ಣನ್ನು ತೆಳು ಪದರಗಳಲ್ಲಿ ಹಾಕಿ, ನೀರು ಚಿಮುಕಿಸಿ, ದಮ್ಮಸು ಮಾಡುತ್ತ ಬರಬೇಕು. ಒಂದೇ ಸಲ ಸುರಿದು ಮೇಲೆ ಮಾತ್ರ ಬಡಿದರೆ ಕೆಳಗೆ ಪೊಳ್ಳು ಉಳಿಯುತ್ತದೆ. ಮೊದಲ ಮಳೆಗಾಲದಲ್ಲಿ ಮಣ್ಣು ನೆನೆದು ಇಳಿದಾಗ ಮೇಲಿನ ಕಾಂಕ್ರೀಟೂ ಅದರೊಡನೆ ಇಳಿಯುತ್ತದೆ. ಗುತ್ತಿಗೆದಾರರು ಸುಮ್ಮನಾದರು. ಮನೆಯವರ ಮುಖದಲ್ಲಿ ಗೆಲುವು ಕಂಡಿತು. ಅಲ್ಲಿಗೇ ನಿಲ್ಲಿಸಿದ್ದರೆ ನ್ಯಾಯ ತೀರ್ಮಾನವಾಗಿಹೋಗುತ್ತಿತ್ತು, ತಪ್ಪಾಗಿ.

ಕೊಳವೆ ಇನ್ನೂ ಉದ್ದವಿತ್ತು. ಗೇಟಿನಾಚೆ ಬೀದಿಯ ಅಂಚಿಗೂ ಅದನ್ನು ಒಯ್ದೆವು. ಅಲ್ಲಿ ಬಂದ ಅಂಕೆ 95. ಅಂಗಳದ ಕಾಂಕ್ರೀಟು ಮುಗಿದ ಕೆಲವು ತಿಂಗಳ ಮೇಲೆ ಆ ಬೀದಿಗೆ ಹಳೆಯ ರಸ್ತೆಯ ಮೇಲೆಯೇ ಹೊಸ ಕಾಂಕ್ರೀಟು ಬಿದ್ದಿತ್ತು. ಈಗ ಬೀದಿ ಗೇಟಿನ ನೆಲಕ್ಕಿಂತ 9 ಸೆಂಟಿಮೀಟರ್, ಗೋಡೆಯ ಬುಡಕ್ಕಿಂತ 5 ಸೆಂಟಿಮೀಟರ್ ಮೇಲಿತ್ತು. ಗುತ್ತಿಗೆದಾರರು ನೂರಕ್ಕೆ ಒಂದರ ಬದಲು ಐವತ್ತಕ್ಕೆ ಒಂದರಂತೆ ವಾಟ ಕೊಟ್ಟಿದ್ದರೂ ನೀರು ಗೇಟಿನವರೆಗೆ ಬೇಗ ಬಂದು ಅಲ್ಲಿ ನಿಲ್ಲುತ್ತಿತ್ತೇ ಹೊರತು ಹೊರಗೆ ಹೋಗುತ್ತಿರಲಿಲ್ಲ.

ನಮ್ಮ ಸೀಮೆಯವರಿಗೆ ಇದನ್ನು ಬಿಡಿಸಿ ಹೇಳುವ ಅಗತ್ಯವಿಲ್ಲ. ಒಂದು ಕೆರೆಯ ಕೋಡಿಯಿಂದ ಹೊರಟ ನೀರು ಮುಂದಿನ ಕೆರೆಗೆ, ಅಲ್ಲಿಂದ ಅದರ ಮುಂದಿನದಕ್ಕೆ ಹರಿಯುವಂತೆ ನಮ್ಮ ಹಿಂದಿನವರು ಕೆರೆಗಳ ಸರಪಳಿಗಳನ್ನೇ ಕಟ್ಟಿದರು. ಕೆರೆ ಎಷ್ಟು ತುಂಬಬೇಕೆಂಬುದನ್ನು ಗೊತ್ತುಮಾಡುವುದು ಅದರ ಅಂಗಳದ ಇಳಿಜಾರಲ್ಲ, ಕೋಡಿಯ ಎತ್ತರ. ಇಲ್ಲಿ ಹೊಸ ರಸ್ತೆಯೇ ಏರಿಯಾಗಿತ್ತು, ರಸ್ತೆಯ ಅಂಚೇ ಕೋಡಿಯಾಗಿತ್ತು; ಮನೆಯವರು ತಿಳಿಯದೆ ಕೆರೆಯಂಗಳದಲ್ಲಿ ಕಾರು ನಿಲ್ಲಿಸುತ್ತಿದ್ದರು.

ಈ ಕೆರೆ ಎಷ್ಟು ಹೊತ್ತಿನಲ್ಲಿ ತುಂಬುತ್ತದೆ? ಅಂಗಳದ ಅಗಲ 6 ಮೀಟರ್, ಉದ್ದ 9. ವಿಸ್ತೀರ್ಣ 54 ಚದರ ಮೀಟರ್. ಕೋಡಿಯ ಮಟ್ಟದವರೆಗೆ ಗೋಡೆಯ ಬುಡದಲ್ಲಿ 5, ದಿಣ್ಣೆಯ ಮೇಲೆ 3, ಗೇಟಿನಲ್ಲಿ 9 ಸೆಂಟಿಮೀಟರ್ ಆಳ. ಲೆಕ್ಕ ಹಾಕಿದರೆ ಅದರಲ್ಲಿ ಹಿಡಿಯುವ ನೀರು 3,000 ಲೀಟರ್. ಬರುವ ನೀರೋ ಅಂಗಳದ್ದು ಮಾತ್ರವಲ್ಲ. 90 ಚದರ ಮೀಟರಿನ ತಾರಸಿಯ ನೀರನ್ನೂ ಎರಡು ಪೈಪುಗಳು ಅಲ್ಲಿಗೇ ತಂದು ಬಿಡುತ್ತಿದ್ದವು. ಒಟ್ಟು 144 ಚದರ ಮೀಟರ್. ಐರ್ಲೆಂಡಿನ ಎಂಜಿನಿಯರ್ ಥಾಮಸ್ ಮಲ್ವನಿ 1850-51ರಲ್ಲಿಯೇ ತೋರಿಸಿಕೊಟ್ಟ ಲೆಕ್ಕವೊಂದಿದೆ: ಮಳೆಯ ಬಿರುಸನ್ನು ವಿಸ್ತೀರ್ಣದಿಂದ ಗುಣಿಸಿ, ನೆಲ ಹೀರಿಕೊಳ್ಳುವ ಪಾಲನ್ನು ಬಿಟ್ಟರೆ, ಹರಿವು ಎಷ್ಟೆಂದು ತಿಳಿಯುತ್ತದೆ. ಊರಿನ ಚರಂಡಿಯಿಂದ ಸೇತುವೆಯ ಕಂಡಿಯವರೆಗೆ ಸಣ್ಣ ಪ್ರದೇಶಗಳಿಗೆ ಇಂದಿಗೂ ಈ ಲೆಕ್ಕ ಬಳಕೆಯಲ್ಲಿದೆ. ಕಾಂಕ್ರೀಟು ಹೀರುವುದು ಅತ್ಯಲ್ಪ, ಅದನ್ನು ಬಿಟ್ಟುಬಿಡೋಣ. ಗಂಟೆಗೆ 50 ಮಿಲಿಮೀಟರ್ ಬಿರುಸಿನ ಮಳೆಯಾದರೆ ಗಂಟೆಗೆ 7,200 ಲೀಟರ್, ಅಂದರೆ ಸೆಕೆಂಡಿಗೆ ಸರಿಯಾಗಿ 2 ಲೀಟರ್. ಹನ್ನೆರಡು ಲೀಟರಿನ ಕೊಡವೊಂದು ಆರು ಸೆಕೆಂಡಿನಲ್ಲಿ ತುಂಬುತ್ತದೆ. ಮೂರು ಸಾವಿರ ಲೀಟರಿಗೆ 1,500 ಸೆಕೆಂಡು, ಎಂದರೆ 25 ನಿಮಿಷ. ಮನೆಯವರು ಹೇಳಿದ ಅರ್ಧ ಗಂಟೆಯ ಮಾತು ಉತ್ಪ್ರೇಕ್ಷೆಯಾಗಿರಲಿಲ್ಲ.

ಬರದ ಸೀಮೆಯಲ್ಲಿ ಇಂಥ ಮಳೆ ಎಲ್ಲಿಂದ ಬಂತೆಂದು ಕೆಲವರು ನಗಬಹುದು. ಗುತ್ತಿಗೆದಾರರೂ ಮೊದಲು ಇದನ್ನೇ ಹೇಳಿದ್ದರು: “ನಮ್ಮ ಕಡೆ ಮಳೆಯೇ ಇಲ್ಲ ಸ್ವಾಮಿ, ಇಷ್ಟು ವಾಟ ಸಾಕು.” ಶಿರಾ, ಪಾವಗಡ, ಮಧುಗಿರಿ, ಕೊರಟಗೆರೆ ನಾಲ್ಕೂ ಮಳೆ ಕಡಿಮೆ ಬೀಳುವ ತಾಲ್ಲೂಕುಗಳೆಂಬುದು ನಿಜ. ಆದರೆ ವರ್ಷದ ಮೊತ್ತ ಬೇರೆ, ಗಂಟೆಯ ಬಿರುಸು ಬೇರೆ. ಮಲೆನಾಡಿನಲ್ಲಿ ದಿನಗಟ್ಟಲೆ ಹಿಡಿದು ಸುರಿಯುವ ಮಳೆಗಿಂತ ನಮ್ಮ ಮೇ ತಿಂಗಳ, ಸೆಪ್ಟೆಂಬರ್ ಅಕ್ಟೋಬರಿನ ಗುಡುಗುಮಳೆ ಆ ಒಂದು ಗಂಟೆಯ ಮಟ್ಟಿಗೆ ಹೆಚ್ಚು ಬಿರುಸಾಗಿರಬಹುದು. ಚರಂಡಿಗೆ ಬೇಕಾದುದು ಗಂಟೆಯ ಲೆಕ್ಕ. ಬಾವಿಗೆ ಬೇಕಾದುದು ವರ್ಷದ ಲೆಕ್ಕ. 2022ರಲ್ಲಿ ಜಯಮಂಗಲಿ ತುಂಬಿ ಹರಿದು ಅನೇಕ ಕೆರೆಗಳು ಕೋಡಿ ಬಿದ್ದುದನ್ನು ಕಂಡವರು, ಇಲ್ಲಿ ಮಳೆಯೇ ಇಲ್ಲವೆಂಬ ಮಾತನ್ನು ನಂಬಿ ಮನೆ ಕಟ್ಟಲಾರರು.

ನೀರು ಮನೆಯ ಒಳಕ್ಕೇನೂ ನುಗ್ಗಿರಲಿಲ್ಲ. ಒಳನೆಲ ಅಂಗಳಕ್ಕಿಂತ 45 ಸೆಂಟಿಮೀಟರ್ ಎತ್ತರದಲ್ಲಿತ್ತು. ಹಾಗಿದ್ದೂ ಮುಂದಿನ ಕೋಣೆಯ ಗೋಡೆಯಲ್ಲಿ ಒಳನೆಲದಿಂದ ಒಂದು ಗೇಣಿನಷ್ಟು ಮೇಲಕ್ಕೆ ಬಣ್ಣ ಉಬ್ಬಿ ಚೌಳು ಬಿಳಿಚಿಕೊಂಡಿತ್ತು. ನೀರನ್ನು ಅಲ್ಲಿಗೆ ಹತ್ತಿಸಿದುದು ಕೇಶಾಕರ್ಷಣೆ. ಇಟ್ಟಿಗೆಯಲ್ಲಿಯೂ ಗಾರೆಯಲ್ಲಿಯೂ ಕೂದಲಿಗಿಂತ ಸಣ್ಣ ರಂಧ್ರಗಳಿರುತ್ತವೆ. ರಂಧ್ರ ಸಣ್ಣದಾದಷ್ಟೂ ನೀರು ಅದರಲ್ಲಿ ಎತ್ತರಕ್ಕೆ ಏರುತ್ತದೆ. ತ್ರಿಜ್ಯ ಒಂದು ಮಿಲಿಮೀಟರಿನ ಐವತ್ತನೆಯ ಒಂದು ಭಾಗವಾದರೆ ಸುಮಾರು 70 ಸೆಂಟಿಮೀಟರ್. ದೀಪದ ಬತ್ತಿ ಎಣ್ಣೆಯನ್ನು ಎಳೆದುಕೊಳ್ಳುವಂತೆ ಗೋಡೆ ನೀರನ್ನೂ ಅದರಲ್ಲಿ ಕರಗಿದ ಲವಣಗಳನ್ನೂ ಎಳೆದುಕೊಂಡಿತ್ತು. ಮನೆಯವರಿಗೆ ಅಂಗಳಕ್ಕಿಂತ ಇದರ ಕೊರಗೇ ಹೆಚ್ಚಾಗಿತ್ತು. ಆ ಕೋಣೆಯಲ್ಲಿ ಮಲಗುತ್ತಿದ್ದವರು ಅವರ ವೃದ್ಧ ತಾಯಿ, ಅವರಿಗೆ ಉಬ್ಬಸ.

ಈಗ ಕರಾರಿನ ಕಾಗದವನ್ನು ನೋಡಿದೆವು. ಅದರಲ್ಲಿದ್ದುದು ಒಂದೇ ಸಾಲು: ಅಂಗಳಕ್ಕೆ ಸರಿಯಾದ ವಾಟ ಕೊಟ್ಟು ಕಾಂಕ್ರೀಟು ಹಾಕತಕ್ಕದ್ದು. ಸರಿಯಾದ ಎಂಬುದು ಅಳತೆಯಲ್ಲ. ಕಾಂಕ್ರೀಟ್ ರಸ್ತೆಗಳ ಅಡ್ಡ ಇಳಿಜಾರು ಮಳೆಗೆ ತಕ್ಕಂತೆ ನೂರಕ್ಕೆ 1.7ರಿಂದ 2ರವರೆಗೆ ಇರಬೇಕೆಂದು ಇಂಡಿಯನ್ ರೋಡ್ಸ್ ಕಾಂಗ್ರೆಸ್ ಅಂಕೆಯಲ್ಲಿ ಹೇಳುತ್ತದೆ. ಈ ಕಾಗದದಲ್ಲಿ ನೂರಕ್ಕೆ ಎಷ್ಟೆಂದೂ ಇಲ್ಲ. ಯಾವ ಗುರುತಿನಿಂದ ಅಳೆಯಬೇಕೆಂದೂ ಇಲ್ಲ. ನೀರು ಕೊನೆಗೆ ಎಲ್ಲಿಗೆ ಸೇರಬೇಕೆಂಬುದಂತೂ ಇಲ್ಲವೇ ಇಲ್ಲ.

ಇಷ್ಟಿದ್ದೂ ಮನೆಯವರಿಗೆ ಕಾನೂನಿನ ದಾರಿ ಮುಚ್ಚಿರಲಿಲ್ಲ. 1993ರ ತಿದ್ದುಪಡಿಯಿಂದ ಮನೆ ಕಟ್ಟಿಕೊಡುವುದೂ ಗ್ರಾಹಕ ಕಾಯಿದೆಯ ಅರ್ಥದಲ್ಲಿ ಸೇವೆಯೆನಿಸಿತು; 2019ರ ಹೊಸ ಕಾಯಿದೆಯಲ್ಲಿಯೂ ಹಾಗೆಯೇ ಇದೆ. ಕಾರಣವುಂಟಾದ ಎರಡು ವರ್ಷಗಳೊಳಗೆ ತುಮಕೂರಿನ ಜಿಲ್ಲಾ ಗ್ರಾಹಕ ಆಯೋಗಕ್ಕೆ ದೂರು ಕೊಡಬಹುದು. ಅಲ್ಲಿಯೂ ಕೆಲಸದಲ್ಲಿ ಕೊರತೆಯಿದೆಯೆಂದು ತೋರಿಸಬೇಕಾದವರು ದೂರು ಕೊಟ್ಟವರೇ. ಆ ಬೆಳಗಿನ ಅಂಕೆಗಳು ಇಬ್ಬರಿಗೂ ಆಧಾರವಾಗುತ್ತಿದ್ದವು: 100ಕ್ಕೆ 98 ಬಂದುದು ಮನೆಯವರಿಗೆ, 95 ಬಂದುದು ಗುತ್ತಿಗೆದಾರರಿಗೆ. ಇದನ್ನು ಇಬ್ಬರೂ ಗ್ರಹಿಸಿದ ಮೇಲೆ ಧ್ವನಿಗಳು ತಾವಾಗಿ ಇಳಿದುವು. ಒಳಗಿನಿಂದ ಕಾಫಿ ಬಂದಿತು.

ಒಪ್ಪಂದ ಹೀಗಾಯಿತು. ಗೋಡೆಯ ಪಕ್ಕದ ಪಟ್ಟಿಯನ್ನು ಗುತ್ತಿಗೆದಾರರು ತಮ್ಮ ಖರ್ಚಿನಲ್ಲಿ ಒಡೆದು, ಮಣ್ಣನ್ನು ದಮ್ಮಸು ಮಾಡಿ, ಗೋಡೆಯ ಬುಡ ದಿಣ್ಣೆಗಿಂತ 2 ಸೆಂಟಿಮೀಟರ್ ಎತ್ತರವಾಗುವಂತೆ ಮತ್ತೆ ಹಾಕತಕ್ಕದ್ದು. ತಾರಸಿಯ ನೀರನ್ನು ಅಂಗಳಕ್ಕೆ ಬಿಡದೆ ಸಂಪಿಗೆ ತಿರುಗಿಸುವುದು ಮನೆಯವರ ಖರ್ಚು. ಗೇಟಿನ ಒಳಗೆ ಅಡ್ಡಲಾಗಿ ಒಂದು ಮೋರಿ, ಅದರ ಮೇಲೆ ಕಬ್ಬಿಣದ ಜಾಲರಿ, ಅಲ್ಲಿಂದ ಬೀದಿಯ ಚರಂಡಿಗೆ ಪೈಪು. ಇದರ ಖರ್ಚು ಇಬ್ಬರಿಗೂ ಅರ್ಧರ್ಧ. ಬಾಕಿಯಲ್ಲಿ 20,000 ರೂಪಾಯಿ ಅಂದೇ, ಉಳಿದುದು ಮುಂದಿನ ದೊಡ್ಡ ಮಳೆಯ ಮಾರನೆಯ ದಿನ.

ಪೈಪಿನ ವಿಷಯದಲ್ಲಿ ಒಂದು ತೊಡಕಿತ್ತು. ಚರಂಡಿಯ ತಳ ಗೇಟಿನ ನೆಲಕ್ಕಿಂತ 30 ಸೆಂಟಿಮೀಟರ್ ಕೆಳಗಿರುವುದರಿಂದ ಸಾಮಾನ್ಯ ಮಳೆಯಲ್ಲಿ ನೀರು ಸಲೀಸಾಗಿ ಹೋಗುತ್ತದೆ. ಆದರೆ ಚರಂಡಿಯೇ ತುಂಬಿ ಹರಿಯುವಾಗ ಅಲ್ಲಿನ ಮಟ್ಟ ಅಂಗಳಕ್ಕಿಂತ ಮೇಲಾಗುತ್ತದೆ. ಆಗ ಅದೇ ಪೈಪು ಬೀದಿಯ ನೀರನ್ನು ಮನೆಗೆ ತರುತ್ತದೆ. ಪೈಪಿಗೆ ಮುಂದು ಹಿಂದು ತಿಳಿಯದು, ಎರಡು ತುದಿಗಳ ಮಟ್ಟದ ಅಂತರ ಮಾತ್ರ ತಿಳಿಯುತ್ತದೆ. ಅದಕ್ಕಾಗಿ ಮೋರಿಯ ಬಾಯಿಗೆ ಇಳಿಬಿಡುವ ಒಂದು ಹಲಗೆಯನ್ನು ಮಾಡಿಸಬೇಕಾಯಿತು. ಹಲಗೆ ಇಳಿಸಿದ ಹೊತ್ತಿನಲ್ಲಿ ಅಂಗಳದ ನೀರು ಅಂಗಳದಲ್ಲಿಯೇ ನಿಲ್ಲಬೇಕಷ್ಟೆ. ಆದರೆ ತಾರಸಿಯ ನೀರು ಬೇರೆಯಾದುದರಿಂದ ಬರುವುದು ಸೆಕೆಂಡಿಗೆ ಮುಕ್ಕಾಲು ಲೀಟರ್ ಮಾತ್ರ. ಹಿಂದೆ 25 ನಿಮಿಷದಲ್ಲಿ ಸೇರುತ್ತಿದ್ದ ಮೂರು ಸಾವಿರ ಲೀಟರ್ ಸೇರಲು ಈಗ ಒಂದು ಗಂಟೆಗೂ ಹೆಚ್ಚು ಹಿಡಿಯುತ್ತದೆ. ನಮ್ಮ ಗುಡುಗುಮಳೆ ಅದೇ ಬಿರುಸಿನಲ್ಲಿ ಅಷ್ಟು ಹೊತ್ತು ನಿಲ್ಲುವುದು ಅಪರೂಪ.

ಸಂಪಿನ ಸಲಹೆಯನ್ನು ಕೊಟ್ಟವನು ಪಾವಗಡದ ಕಡೆಯ ಗಾರೆಯವನು. ಅವನ ಊರಿನ ಕೊಳವೆಬಾವಿಯ ನೀರಿನಲ್ಲಿ ಫ್ಲೋರೈಡ್ ಇದೆ. ಕುಡಿಯುವ ನೀರಿನಲ್ಲಿ ಲೀಟರಿಗೆ ಒಂದೂವರೆ ಮಿಲಿಗ್ರಾಮಿಗಿಂತ ಹೆಚ್ಚಿನ ಫ್ಲೋರೈಡ್ ವರ್ಷಗಟ್ಟಲೆ ದೇಹಕ್ಕೆ ಸೇರಿದರೆ ಹಲ್ಲು ಕಂದಾಗುತ್ತದೆ, ಮೂಳೆ ಕೀಲುಗಳು ಬಿಗಿಯುತ್ತವೆ. ಬಂಡೆಯ ಸಂಗವಿಲ್ಲದ ಮಳೆಯ ನೀರಿನಲ್ಲಿ ಈ ಭಯವಿಲ್ಲ. “ಇಂಥ ನೀರನ್ನ ಮೋರಿಗೆ ಬಿಡೋಕೆ ಜಗಳ ಆಡ್ತಿದೀರಲ್ಲ ಸಾಮಿ” ಎಂದನಂತೆ. ವರ್ಷಕ್ಕೆ 650 ಮಿಲಿಮೀಟರ್ ಮಳೆಯೆಂದು ಹಿಡಿದು, ಐದರಲ್ಲಿ ಒಂದು ಪಾಲು ಪೋಲಾಯಿತೆಂದು ಕಳೆದರೂ, ಆ ತಾರಸಿಯಿಂದ 46,000 ಲೀಟರಿಗೂ ಹೆಚ್ಚು ನೀರು ಸಿಗುತ್ತದೆ. ಮೊದಲ ಮಳೆಯ ಕೊಳೆನೀರನ್ನು ಹೊರಗೆ ಬಿಟ್ಟು, ಮುಂದಿನದನ್ನು ಮರಳು ಜಲ್ಲಿಗಳ ಮೂಲಕ ಸೋಸಿ ಸಂಪಿಗೆ, ಸಂಪು ತುಂಬಿದರೆ ಗೋಡೆಗಳಿಂದ ದೂರವಾಗಿ ಹಿತ್ತಲಿನಲ್ಲಿ ತೋಡಿಸಿದ ಇಂಗುಗುಂಡಿಗೆ ಎಂದು ಏರ್ಪಾಡಾಯಿತು.

ಕೆಲಸ ಮುಗಿದ ಮೇಲೆ ಆ ವರ್ಷ ಮಳೆಯೇ ಬರಲಿಲ್ಲ. ಮರುವರ್ಷ ಮೇ ತಿಂಗಳಲ್ಲಿ ಒಂದು ರಾತ್ರಿ ಬಂದಿತು. ಗೇಟಿನ ಬಳಿ ಎರಡು ಬೆರಳಿನಷ್ಟು ನೀರು ನಿಂತು, ಮಳೆ ನಿಂತ ಕಾಲು ಗಂಟೆಯಲ್ಲಿ ಇಳಿದುಹೋಯಿತು. ಗೋಡೆಯ ಬುಡ ಬರಿದಾಗಿತ್ತು. ಇದನ್ನು ನನಗೆ ತಿಳಿಸಿದವರು ಗುತ್ತಿಗೆದಾರರು. ಮಳೆಯಲ್ಲಿಯೇ ಶಿರಾದಿಂದ ಮನೆಯವರಿಗೆ ಫೋನು ಮಾಡಿ, ಟಾರ್ಚು ಹಿಡಿದು ಅಂಗಳಕ್ಕೆ ಹೋಗಿ ನೋಡುವಂತೆ ಕೇಳಿಕೊಂಡಿದ್ದರಂತೆ. ಉಳಿದ 20,000 ರೂಪಾಯಿ ಬೆಳಗ್ಗೆ ಸಂದಾಯವಾಯಿತು. ಕೋಣೆಯ ಗೋಡೆ ಮಾತ್ರ ಇನ್ನೂ ಪೂರ್ತಿ ಒಣಗಿಲ್ಲ. ಚೌಳನ್ನು ಒಣ ಬ್ರಷ್ಷಿನಿಂದ ಆಗಾಗ ಉಜ್ಜಿ ತೆಗೆಯುತ್ತಿದ್ದಾರೆ, ಇನ್ನೊಂದು ಬೇಸಗೆ ಕಳೆಯುವವರೆಗೆ ಬಣ್ಣ ಹೊಡೆಯಬೇಡಿರೆಂದು ಹೇಳಿದ್ದೇನೆ.